ನೀರಿಗೆ ಬಿದ್ದ ಕೀಟನಾಶಕ ಏನಾಗುತ್ತದೆ? 'ಒಂದೇ ದಿನದಲ್ಲಿ ಮಾಯ', 'ಎಂದೆಂದಿಗೂ ಹೋಗದು' ಎರಡೂ ಪೂರ್ತಿ ನಿಜವಲ್ಲ

ಕೀಟನಾಶಕ ಮತ್ತು ನೀರಿನ ಬಗ್ಗೆ ಮೊಬೈಲಿನಲ್ಲಿ ಓಡಾಡುವ ಮಾತುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸಮಾಧಾನ ಹೇಳುವ ಬಗೆ: "ಔಷಧಿ ನೀರಿಗೆ ಬಿದ್ದರೆ ಒಂದು ದಿನದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಇಟ್ಟರೆ ಸಾಕು, ಕುದಿಸಿದರೆ ಸಾಕು." ಇನ್ನೊಂದು ಹೆದರಿಸುವ ಬಗೆ: "ಒಮ್ಮೆ ಕೆರೆಗೆ ಸೇರಿದ ವಿಷ ನೂರು ವರ್ಷವಾದರೂ ಹೋಗುವುದಿಲ್ಲ, ಎಲ್ಲರಿಗೂ ಕಳಿಸಿ."

ಎರಡರಲ್ಲೂ ಒಂದೊಂದು ಚೂರು ಸತ್ಯವಿದೆ. ಅದಕ್ಕೇ ಇವು ಇಷ್ಟು ಸುಲಭವಾಗಿ ಹರಡುತ್ತವೆ. ಕೆಲವು ಕೀಟನಾಶಕಗಳು ನೀರಿನಲ್ಲಿ ಹತ್ತು ನಿಮಿಷದಲ್ಲಿ ಅರ್ಧ ಒಡೆದುಹೋಗುತ್ತವೆ. ಇನ್ನು ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ಇನ್ನೂ ಕೆಲವು ಒಡೆದ ಮೇಲೆ ಮೊದಲಿಗಿಂತ ಹೆಚ್ಚು ವಿಷವಾಗುತ್ತವೆ. ಹಾಗಾಗಿ "ಕೀಟನಾಶಕ ನೀರಿನಲ್ಲಿ ಎಷ್ಟು ದಿನ ಇರುತ್ತದೆ?" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಯಾವ ಕೀಟನಾಶಕ, ಎಂಥ ನೀರು, ಎಷ್ಟು ಬಿಸಿಲು, ನೀರಿನಲ್ಲಿ ಎಂಥ ಸೂಕ್ಷ್ಮಜೀವಿಗಳು ಇವೆಲ್ಲ ಸೇರಿ ಉತ್ತರ ಸಿಗುತ್ತದೆ. ಈ ಲೇಖನದಲ್ಲಿ ಅದನ್ನೇ ಒಂದೊಂದಾಗಿ ನೋಡೋಣ.

ಕಾಣದಂತಾಗುವುದು ಬೇರೆ, ಒಡೆಯುವುದು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸ್ಪ್ರೇಯರ್ ತೊಳೆದ ನೀರನ್ನು ಕೆರೆಗೆ ಸುರಿದರೆ ಬಿಳಿ ಬಣ್ಣ ಸ್ವಲ್ಪ ಹೊತ್ತಿನಲ್ಲಿ ಮಾಯವಾಗುತ್ತದೆ, ವಾಸನೆಯೂ ಹೋಗುತ್ತದೆ. ಆದರೆ ಅಲ್ಲಿ ನಡೆದದ್ದು ಬೆರಕೆ ಮಾತ್ರ. ಒಂದು ಲೋಟ ನೀರಿಗೆ ಹಾಕಿದ ಒಂದು ಚಮಚ ಸಕ್ಕರೆ ಕಣ್ಣಿಗೆ ಕಾಣದಿದ್ದರೂ ಅಲ್ಲೇ ಇರುವಂತೆ, ಕೀಟನಾಶಕದ ಅಣುಗಳೂ ಹಾಗೆಯೇ ಇರುತ್ತವೆ. ಬಿಳಿ ಬಣ್ಣ ಬರುವುದು ಕೂಡ ಹೆಚ್ಚಾಗಿ ಎಣ್ಣೆಯಂಥ ದ್ರಾವಕ ನೀರಿನಲ್ಲಿ ಸಣ್ಣ ಹನಿಗಳಾಗಿ ಹರಡುವುದರಿಂದ. ಬಣ್ಣ ಹೋಯಿತು ಎಂದ ಮಾತ್ರಕ್ಕೆ ವಿಷ ಹೋಯಿತು ಎಂದಲ್ಲ.

ಎರಡನೆಯ ಗೊಂದಲ ಹೂಳಿನದು. ಡಿಡಿಟಿಯಂಥ ಹಳೆಯ ಕೀಟನಾಶಕಗಳಿಗೂ, ಇಂದು ಬಳಕೆಯಲ್ಲಿರುವ ಪೈರೆಥ್ರಾಯ್ಡ್ ಗುಂಪಿನವಕ್ಕೂ ನೀರು ಎಂದರೆ ಆಗದು, ಮಣ್ಣು ಮತ್ತು ಕೊಬ್ಬು ಎಂದರೆ ಇಷ್ಟ. ಅವು ನೀರಿನಿಂದ ಬೇಗ ಕಾಣೆಯಾಗುತ್ತವೆ, ಏಕೆಂದರೆ ಕೆಸರಿಗೆ ಅಂಟಿಕೊಳ್ಳುತ್ತವೆ. ಮೇಲಿನ ನೀರನ್ನು ಪರೀಕ್ಷೆ ಮಾಡಿದರೆ "ಏನೂ ಇಲ್ಲ" ಎಂದು ಬರಬಹುದು. ಆದರೆ ಕೆಸರಿನಲ್ಲಿ ಹುಳು, ಹುಳುವನ್ನು ತಿಂದ ಮೀನು, ಮೀನನ್ನು ತಿಂದ ಹಕ್ಕಿ ಹೀಗೆ ಅದು ಮೇಲಕ್ಕೆ ಏರುತ್ತಾ ಹೋಗಬಹುದು.

ನಿಜವಾಗಿ ಒಡೆಯುವುದು ಎಂದರೆ ಅಣುವಿನ ಒಳಗಿನ ಕೊಂಡಿ ಕಳಚಿ, ಅದು ಬೇರೆಯೇ ವಸ್ತುವಾಗುವುದು. ನೀರಿನಲ್ಲಿ ಇದು ಮುಖ್ಯವಾಗಿ ಮೂರು ದಾರಿಗಳಲ್ಲಿ ನಡೆಯುತ್ತದೆ: ನೀರೇ ಒಡೆಯುವುದು, ಬಿಸಿಲು ಒಡೆಯುವುದು, ಸೂಕ್ಷ್ಮಜೀವಿಗಳು ಒಡೆಯುವುದು.

ನೀರೇ ಹೇಗೆ ಒಡೆಯುತ್ತದೆ?

ಇದಕ್ಕೆ ಜಲವಿಭಜನೆ ಎಂದು ಹೆಸರು. ಮೆಲಾಥಿಯಾನ್, ಕ್ಲೋರೋಪೈರಿಫಾಸ್, ಮೊನೊಕ್ರೊಟೊಫಾಸ್ ಮುಂತಾದವು ಆರ್ಗನೊಫಾಸ್ಫೇಟ್ ಗುಂಪಿಗೆ ಸೇರಿದವು. ಇವುಗಳ ಅಣುವಿನ ನಡುವೆ ಒಂದು ರಂಜಕದ ಪರಮಾಣು ಇದ್ದು, ಅದರ ಸುತ್ತ ಆಮ್ಲಜನಕ ಅಥವಾ ಗಂಧಕದ ಮೂಲಕ ಉಳಿದ ಭಾಗಗಳು ಕೊಂಡಿ ಹಾಕಿಕೊಂಡಿರುತ್ತವೆ. ನೀರಿನಲ್ಲಿರುವ ಹೈಡ್ರಾಕ್ಸೈಡ್ ಅಯಾನು ಈ ಕೊಂಡಿಯ ಮೇಲೆ ದಾಳಿ ಮಾಡಿ ಅಣುವನ್ನು ಎರಡು ತುಂಡು ಮಾಡುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆ ತುಂಡುಗಳಿಗೆ ಮೂಲ ಅಣುವಿನಷ್ಟು ವಿಷ ಇರುವುದಿಲ್ಲ.

ಹೈಡ್ರಾಕ್ಸೈಡ್ ಹೆಚ್ಚಿದ್ದಷ್ಟೂ ಒಡೆಯುವ ವೇಗ ಹೆಚ್ಚು. ನೀರಿನ ಪಿಎಚ್ ಒಂದು ಅಂಕಿ ಮೇಲೇರಿದರೆ ಹೈಡ್ರಾಕ್ಸೈಡ್ ಹತ್ತು ಪಟ್ಟಾಗುತ್ತದೆ. ಪಿಎಚ್ 7 ಎಂದರೆ ತಟಸ್ಥ ನೀರು, ಅದಕ್ಕಿಂತ ಕಡಿಮೆ ಆಮ್ಲೀಯ, ಹೆಚ್ಚು ಕ್ಷಾರೀಯ. ಸುಣ್ಣದ ತಿಳಿ, ಸೋಪಿನ ನೀರು ಕ್ಷಾರೀಯ. ನಿಂಬೆರಸ ಆಮ್ಲೀಯ.

ಮೆಲಾಥಿಯಾನ್‌ನ ಉದಾಹರಣೆ ನೋಡಿ. ಪ್ರಯೋಗಾಲಯದಲ್ಲಿ ಪಿಎಚ್ 5ರ ನೀರಿನಲ್ಲಿ ಇದು ಅರ್ಧಕ್ಕೆ ಇಳಿಯಲು ಸುಮಾರು 107 ದಿನ ಬೇಕು. ಪಿಎಚ್ 7ರಲ್ಲಿ ಸುಮಾರು 6 ದಿನ. ಪಿಎಚ್ 9ರಲ್ಲಿ ಸುಮಾರು 12 ಗಂಟೆ. ಕೀಟನಾಶಕ ಅದೇ, ಬದಲಾದದ್ದು ನೀರು ಮಾತ್ರ! ಶಿಲೀಂಧ್ರನಾಶಕ ಕ್ಯಾಪ್ಟಾನ್ ಇನ್ನೂ ಬೇಗ ಒಡೆಯುತ್ತದೆ. ತಟಸ್ಥ ನೀರಿನಲ್ಲಿ ಅರ್ಧವಾಗಲು ಕೆಲವು ಗಂಟೆಗಳು ಬೇಕಾದರೆ, ಕ್ಷಾರೀಯ ನೀರಿನಲ್ಲಿ ಹತ್ತು ನಿಮಿಷದ ಆಸುಪಾಸು ಸಾಕು.

ಆದರೆ ಎಲ್ಲವೂ ಹೀಗಲ್ಲ. ಕ್ಲೋರೋಪೈರಿಫಾಸ್ ಅದೇ ಆರ್ಗನೊಫಾಸ್ಫೇಟ್ ಗುಂಪಿನದಾದರೂ ತಟಸ್ಥ ನೀರಿನಲ್ಲಿ ಅರ್ಧವಾಗಲು 70 ದಿನಗಳಿಗೂ ಹೆಚ್ಚು ಬೇಕು, ಪಿಎಚ್ 9ರಲ್ಲೂ ಸುಮಾರು 16 ದಿನ. ಇಮಿಡಾಕ್ಲೋಪ್ರಿಡ್ ಕತ್ತಲಲ್ಲಿ, ತಟಸ್ಥ ನೀರಿನಲ್ಲಿ ಹೆಚ್ಚುಕಡಿಮೆ ಒಡೆಯುವುದೇ ಇಲ್ಲ. ಕಳೆನಾಶಕ ಗ್ಲೈಫೋಸೇಟನ್ನೂ ಬರೀ ನೀರು ಒಡೆಯಲಾರದು. ಹಾಗಾಗಿ "ಕೀಟನಾಶಕ ಒಂದು ದಿನದಲ್ಲಿ ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ, ಯಾವ ಕೀಟನಾಶಕ ಎಂದು ಮೊದಲು ಕೇಳಬೇಕು.

ಉಷ್ಣತೆಯೂ ಮುಖ್ಯ. ಸಾಮಾನ್ಯವಾಗಿ 10 ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡು ಮೂರು ಪಟ್ಟಾಗುತ್ತದೆ. ಬೇಸಿಗೆಯ ಕೆರೆಯಲ್ಲಿ ಬೇಗ, ಚಳಿಗಾಲದ ಬಾವಿಯಲ್ಲಿ ನಿಧಾನ.

'ಅರ್ಧ ಆಯುಷ್ಯ' ಎಂದರೆ ಪೂರ್ತಿ ಹೋಗುವ ಸಮಯವಲ್ಲ

ಮೇಲೆ ಹೇಳಿದ ದಿನಗಳೆಲ್ಲ 'ಅರ್ಧ ಆಯುಷ್ಯ', ಅಂದರೆ ಇದ್ದದ್ದು ಅರ್ಧವಾಗಲು ಬೇಕಾದ ಸಮಯ. ಇದನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅರ್ಧ ಆಯುಷ್ಯ 6 ದಿನ ಎಂದರೆ 12 ದಿನಕ್ಕೆ ಪೂರ್ತಿ ಖಾಲಿ ಎಂದಲ್ಲ. 100 ಪಾಲು ಇದ್ದರೆ 6 ದಿನಕ್ಕೆ 50, 12 ದಿನಕ್ಕೆ 25, 18 ದಿನಕ್ಕೆ ಹನ್ನೆರಡೂವರೆ. ಹೀಗೆ ಹತ್ತು ಸಲ ಅರ್ಧವಾದ ಮೇಲೆ, ಅಂದರೆ 60 ದಿನಕ್ಕೆ, ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ.

ಸಾವಿರದಲ್ಲಿ ಒಂದು ಪಾಲು ಹೆಚ್ಚೋ ಕಡಿಮೆಯೋ ಎನ್ನುವುದು ಮೊದಲು ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಒಂದು ಲೀಟರ್ ನೀರಿನಲ್ಲಿ ಮೊನೊಕ್ರೊಟೊಫಾಸ್ 1 ಮೈಕ್ರೊಗ್ರಾಂ ಮೀರಬಾರದು, ಕ್ಲೋರೋಪೈರಿಫಾಸ್ 30 ಮೈಕ್ರೊಗ್ರಾಂ ಮೀರಬಾರದು. ಲೀಟರಿಗೆ ಒಂದು ಮೈಕ್ರೊಗ್ರಾಂ ಎಂದರೆ ಹತ್ತು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ. ಸಣ್ಣ ಕೃಷಿ ಹೊಂಡದಲ್ಲಿ ಅಷ್ಟು ನೀರೂ ಇರುವುದಿಲ್ಲ. ಡಬ್ಬಿಯ ತಳದಲ್ಲಿ ಉಳಿದ ಕೆಲವು ಹನಿಗಳನ್ನು ಅಲ್ಲಿ ತೊಳೆದರೂ ಲೆಕ್ಕ ತಪ್ಪಬಹುದು ಎನ್ನುವುದು ಇದರಿಂದ ತಿಳಿಯುತ್ತದೆ.

ಬಿಸಿಲಿಗೆ ಇಟ್ಟರೆ ಹೋಗುತ್ತದೆಯೇ?

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಗೆ ಕೆಲವು ಅಣುಗಳ ಕೊಂಡಿ ಮುರಿಯುವ ಶಕ್ತಿ ಇದೆ. ಇಮಿಡಾಕ್ಲೋಪ್ರಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕತ್ತಲಲ್ಲಿ ಹಠ ಹಿಡಿದು ಕೂರುವ ಇದು, ಪ್ರಯೋಗಾಲಯದಲ್ಲಿ ತಿಳಿ ನೀರಿನಲ್ಲಿ ಬೆಳಕಿಗೆ ಒಡ್ಡಿದಾಗ ಸುಮಾರು ಒಂದು ಗಂಟೆಯಲ್ಲೇ ಅರ್ಧವಾಗಿದೆ.

ಹಾಗಾದರೆ ಫಾರ್ವರ್ಡ್ ಹೇಳಿದ್ದು ಸರಿಯೇ? ಪ್ರಯೋಗಾಲಯದ ಗಾಜಿನ ಪಾತ್ರೆಗೂ ನಮ್ಮೂರ ಕೆರೆಗೂ ಬಹಳ ವ್ಯತ್ಯಾಸ. ಮಳೆಗಾಲದ ಕೆಂಪು ನೀರಿನಲ್ಲಿ ಅತಿನೇರಳೆ ಕಿರಣ ಮೇಲಿನ ಪದರ ದಾಟಿ ಒಳಗೆ ಹೋಗುವುದಿಲ್ಲ. ಪಾಚಿ, ಕಳೆ, ಮರದ ನೆರಳು ಇದ್ದರೆ ಇನ್ನೂ ಕಡಿಮೆ. ಪ್ಲಾಸ್ಟಿಕ್ ಕೊಡವೋ ಸ್ಟೀಲ್ ಪಾತ್ರೆಯೋ ಆದರೆ ಕಿರಣ ಒಳಗೆ ತಲುಪುವುದೇ ಕಷ್ಟ. ಇನ್ನು ನೂರಾರು ಅಡಿ ಆಳದ ಕೊಳವೆಬಾವಿಯ ನೀರಿಗೆ ಬಿಸಿಲು ಎಂಬುದೇ ಇಲ್ಲ. ಅಲ್ಲಿ ಸೂಕ್ಷ್ಮಜೀವಿಗಳೂ ಕಡಿಮೆ. ಕೆರೆಯ ಮೇಲ್ಪದರದಲ್ಲಿ ಗಂಟೆಗಳಲ್ಲಿ ಒಡೆಯುವ ಅದೇ ವಸ್ತು ಅಂತರ್ಜಲಕ್ಕೆ ಇಳಿದರೆ ದೀರ್ಘಕಾಲ ಉಳಿಯಬಹುದು. ಬೆಳಕಿಗೆ ಬಗ್ಗದ ಕೀಟನಾಶಕಗಳೂ ಬಹಳಷ್ಟಿವೆ. ಆದ್ದರಿಂದ ಬಿಸಿಲಿಗೆ ಇಡುವುದು ನಂಬಿ ಕುಡಿಯಬಹುದಾದ ಉಪಾಯವಲ್ಲ.

ಕಣ್ಣಿಗೆ ಕಾಣದ ಕೆಲಸಗಾರರು

ಮೂರನೆಯ ದಾರಿ ಸೂಕ್ಷ್ಮಜೀವಿಗಳದು. ಇದರ ಕಥೆಯಲ್ಲಿ ಭಾರತದ ಒಬ್ಬ ವಿಜ್ಞಾನಿಯ ಹೆಸರು ಮುಖ್ಯವಾಗಿ ಬರುತ್ತದೆ. ಎನ್. ಸೇತುನಾಥನ್ ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಭತ್ತದ ಗದ್ದೆಗಳ ನೀರಿನಲ್ಲಿ ಅದು ಹೊಸ ಗದ್ದೆಗಿಂತ ಬೇಗ ಒಡೆಯುವುದು ಕಂಡುಬಂತು. ಕಾರಣ, ಆ ಗದ್ದೆಯ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಬದುಕಲು ಕಲಿತಿದ್ದವು. 1973ರಲ್ಲಿ ಅವರು ಯೊಶಿದಾ ಜೊತೆ ಸೇರಿ ಡಯಾಜಿನಾನ್ ಮತ್ತು ಪ್ಯಾರಾಥಿಯಾನ್ ಎರಡನ್ನೂ ಒಡೆಯುವ ಒಂದು ಬ್ಯಾಕ್ಟೀರಿಯಾವನ್ನು ಪ್ರಕಟಿಸಿದರು.

ಬರೀ ನೀರು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಬ್ಯಾಕ್ಟೀರಿಯಾದ ಕಿಣ್ವ ದಿನಗಳಲ್ಲಿ ಮುಗಿಸಬಲ್ಲದು. ನೀರಿಗೆ ಜಗ್ಗದ ಗ್ಲೈಫೋಸೇಟನ್ನು ಮುಖ್ಯವಾಗಿ ಒಡೆಯುವುದು ಮಣ್ಣಿನ ಸೂಕ್ಷ್ಮಜೀವಿಗಳೇ. ಆದರೆ ಇವರು ಎಲ್ಲ ಕಡೆ ಇರುವ ಕೆಲಸಗಾರರಲ್ಲ. ಹಸಿ ಮಣ್ಣು, ಸೆಗಣಿ ಗೊಬ್ಬರ ಬಿದ್ದ ಹೊಲ, ಕೆರೆಯ ಕೆಸರು ಇವರ ಮನೆ. ಆಳದ ಬಂಡೆಯ ಸಂದಿನ ನೀರಿನಲ್ಲಿ, ತೊಟ್ಟಿಯ ನೀರಿನಲ್ಲಿ, ಕ್ಯಾನಿನ ನೀರಿನಲ್ಲಿ ಇವರ ಸಂಖ್ಯೆ ಕಡಿಮೆ. ಹೊಲದ ಮಣ್ಣಿನಲ್ಲಿ ಬೇಗ ಹೋಗುವ ಕೀಟನಾಶಕ ನೀರಿನಲ್ಲಿ ನಿಧಾನವಾಗಲು ಇದೂ ಒಂದು ಕಾರಣ.

ಒಡೆದ ಮೇಲೆ ಉಳಿಯುವುದು ಏನು?

ಫಾರ್ವರ್ಡ್‌ಗಳು ಕೇಳದೇ ಬಿಡುವ ಪ್ರಶ್ನೆ ಇದು. ಅಣು ಒಡೆಯಿತು ಎಂದ ಕೂಡಲೇ ವಿಷ ಹೋಯಿತು ಎಂದು ಅಂದುಕೊಳ್ಳುತ್ತೇವೆ. ಹಲವು ಸಲ ಅದು ನಿಜ. ಕೆಲವು ಸಲ ನಿಜವಲ್ಲ.

ಎಂಡೋಸಲ್ಫಾನ್ ನಮಗೆಲ್ಲ ಗೊತ್ತಿರುವ ಹೆಸರು. ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಗೇರು ತೋಟಗಳಲ್ಲೂ ಸಿಂಪಡಣೆ ನಡೆದಿತ್ತು. ಗುಡ್ಡದ ಮೇಲೆ ಸಿಂಪಡಿಸಿದ್ದು ತೋಡು, ಸುರಂಗ, ಬಾವಿಗಳಿರುವ ಜನವಸತಿಯ ನಾಡಿನಲ್ಲಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಇದರ ಉತ್ಪಾದನೆ, ಮಾರಾಟ, ಬಳಕೆಗೆ ತಡೆ ಹಾಕಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಇದು ಸೇರಿತು.

ರಸಾಯನಶಾಸ್ತ್ರದ ದೃಷ್ಟಿಯಿಂದ ಎಂಡೋಸಲ್ಫಾನ್‌ಗೆ ಎರಡು ದಾರಿ. ಕ್ಷಾರೀಯ ನೀರಿನಲ್ಲಿ ಜಲವಿಭಜನೆ ನಡೆದರೆ ಅದು ಬೇಗ ಒಡೆದು ಬಹಳ ಕಡಿಮೆ ವಿಷದ ಡಯೋಲ್ ಆಗುತ್ತದೆ. ಆಮ್ಲೀಯ ನೀರಿನಲ್ಲಿ ಈ ದಾರಿ ತೀರಾ ನಿಧಾನ, ತಿಂಗಳುಗಳ ಲೆಕ್ಕ. ಇನ್ನೊಂದೆಡೆ ಮಣ್ಣಿನ ಸೂಕ್ಷ್ಮಜೀವಿಗಳು ಅದಕ್ಕೆ ಆಮ್ಲಜನಕ ಸೇರಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡುತ್ತವೆ. ಇದು ಮೂಲ ವಸ್ತುವಿನಷ್ಟೇ ವಿಷಕಾರಿ, ಉಳಿಯುವುದು ಅದಕ್ಕಿಂತ ಹೆಚ್ಚು ಕಾಲ. ಕರಾವಳಿಯ ಜಂಬಿಟ್ಟಿಗೆಯ ಕೆಂಪು ಮಣ್ಣು ಸಹಜವಾಗಿ ಆಮ್ಲೀಯ. ಅಂದರೆ ಒಳ್ಳೆಯ ದಾರಿ ಅಲ್ಲಿ ಮೊದಲೇ ಕಿರಿದು. "ಎಂಡೋಸಲ್ಫಾನ್ ಕೆಲವೇ ದಿನಗಳಲ್ಲಿ ಒಡೆಯುತ್ತದೆ" ಎನ್ನುವ ಮಾತು ಯಾವ ನೀರಿನಲ್ಲಿ, ಒಡೆದು ಏನಾಗುತ್ತದೆ ಎಂದು ಹೇಳದಿದ್ದರೆ ಅರ್ಧಸತ್ಯ.

ಡಿಡಿಟಿ ಒಡೆದಾಗ ಸಿಗುವ ಡಿಡಿಇ ಕೂಡ ಹೀಗೆಯೇ. ಹದ್ದು, ಗಿಡುಗಗಳ ಮೊಟ್ಟೆಯ ಚಿಪ್ಪು ತೆಳುವಾಗಲು ಮುಖ್ಯ ಕಾರಣ ಎಂದು ಗುರುತಿಸಿದ್ದು ಈ ಡಿಡಿಇಯನ್ನೇ. ಟ್ರೈಕ್ಲೋರ್‌ಫಾನ್ ಎಂಬ ಇನ್ನೊಂದು ಕೀಟನಾಶಕ ಕ್ಷಾರೀಯ ನೀರಿನಲ್ಲಿ ಡೈಕ್ಲೋರ್‌ವಾಸ್ ಆಗುತ್ತದೆ, ಇದು ಮೂಲಕ್ಕಿಂತ ಹೆಚ್ಚು ವಿಷ.

ಡಬ್ಬಿಯ ಒಳಗೇ ಇಂಥ ಬದಲಾವಣೆ ನಡೆದ ದೊಡ್ಡ ದುರಂತವೊಂದಿದೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮೆಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 2,800 ಕೆಲಸಗಾರರು ವಿಷಬಾಧೆಗೆ ಒಳಗಾದರು, ಐವರು ತೀರಿಕೊಂಡರು. ಮೆಲಾಥಿಯಾನ್ ಪುಡಿ ದಾಸ್ತಾನಿನಲ್ಲಿರುವಾಗ ಅದರ ಒಂದು ಭಾಗ ಐಸೊಮೆಲಾಥಿಯಾನ್ ಆಗಿ ಬದಲಾಗಿತ್ತು. ಇದು ಮೆಲಾಥಿಯಾನನ್ನು ಕರಗಿಸಿ ಹೊರಹಾಕುವ ದೇಹದ ಕಿಣ್ವವನ್ನೇ ತಡೆಯುತ್ತದೆ. ಹಳೆಯ ಔಷಧಿ ಎಂದರೆ "ಪವರ್ ಕಡಿಮೆಯಾದ ಔಷಧಿ" ಎಂದು ಭಾವಿಸಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಐಎಸ್ 10500 ಮಾನದಂಡ ಇದನ್ನು ಗಮನಿಸಿದೆ. ಅದರಲ್ಲಿ ಎಂಡೋಸಲ್ಫಾನ್ ಮಿತಿ ಲೀಟರಿಗೆ 0.4 ಮೈಕ್ರೊಗ್ರಾಂ. ಆ ಲೆಕ್ಕದಲ್ಲಿ ಸಲ್ಫೇಟ್ ಕೂಡ ಸೇರಿದೆ. ಡಿಡಿಟಿಯ ಮಿತಿಯಲ್ಲಿ ಡಿಡಿಇ ಸೇರಿದೆ. ನೀರಿನ ಪರೀಕ್ಷೆ ಮಾಡಿಸುವಾಗ ಮೂಲ ವಸ್ತುವನ್ನು ಮಾತ್ರ ಹುಡುಕಿದರೆ ಸಾಲದು ಎಂದೇ ಇದರ ಅರ್ಥ.

ಕುದಿಸಿದರೆ ಸಾಕೇ?

ಕುದಿಸುವುದರಿಂದ ಸಾಯುವುದು ರೋಗಾಣುಗಳು. ಕೀಟನಾಶಕಕ್ಕೆ ಜೀವ ಇಲ್ಲ, ಅದು ರಾಸಾಯನಿಕ. ಹತ್ತು ನಿಮಿಷ ಕುದಿಸಿದರೆ ಬೇಗ ಒಡೆಯುವ ಕೆಲವು ವಸ್ತುಗಳು ಸ್ವಲ್ಪ ಕಡಿಮೆಯಾಗಬಹುದು, ಆವಿಯಾಗುವ ಕೆಲವು ಹೊರಟು ಅಡುಗೆಮನೆಯ ಗಾಳಿಗೆ ಸೇರಬಹುದು. ಉಳಿದವು ಪಾತ್ರೆಯಲ್ಲೇ ಇರುತ್ತವೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಶಾಖ ವಿಷವನ್ನು ಕೊಲ್ಲುತ್ತದೆ ಎಂದು ನಂಬುವವರು ಒಂದು ಘಟನೆಯನ್ನು ನೆನಪಿಟ್ಟುಕೊಳ್ಳಬೇಕು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದದ್ದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡುಬಂತು. ಆ ಊಟ ಹಸಿಯಾಗಿರಲಿಲ್ಲ. ಎಣ್ಣೆ ಒಲೆಯ ಮೇಲೆ ಕಾದಿತ್ತು, ಅಡುಗೆ ಬೆಂದಿತ್ತು. ಆದರೂ ವಿಷ ವಿಷವಾಗಿಯೇ ಉಳಿದಿತ್ತು.

ಆದ್ದರಿಂದ ಕೀಟನಾಶಕ ಬಿದ್ದಿದೆ ಎಂಬ ಅನುಮಾನವಿರುವ ನೀರನ್ನು ಕುದಿಸಿ ಕುಡಿಯುವುದು ಪರಿಹಾರವಲ್ಲ. ಔಷಧಿಯ ಡಬ್ಬಿಯನ್ನು ಎಷ್ಟೇ ಸಲ ಬಿಸಿನೀರಿನಲ್ಲಿ ತೊಳೆದರೂ ಅದರಲ್ಲಿ ಎಣ್ಣೆ, ನೀರು, ಮಜ್ಜಿಗೆ, ದನದ ಹಿಂಡಿ ಏನನ್ನೂ ಇಡಬಾರದು. ಪ್ಲಾಸ್ಟಿಕ್ ಒಳಗೆ ಹೀರಿಕೊಂಡದ್ದು ನಿಧಾನವಾಗಿ ಹೊರಬರುತ್ತಲೇ ಇರುತ್ತದೆ.

ಸುಣ್ಣ, ಸೋಡಾ, ಸ್ಫಟಿಕ, ಫಿಲ್ಟರ್: ಯಾವುದು ಎಷ್ಟು?

ಸುಣ್ಣ: ಬಾವಿಗೆ ಸುಣ್ಣ ಹಾಕಿದರೆ ವಿಷ ಹೋಗುತ್ತದೆ ಎನ್ನುವ ಮಾತಿನ ಹಿಂದೆ ಮೇಲೆ ಹೇಳಿದ ರಸಾಯನಶಾಸ್ತ್ರದ ಒಂದು ತುಣುಕು ಇದೆ. ಸುಣ್ಣ ನೀರನ್ನು ಕ್ಷಾರೀಯ ಮಾಡುತ್ತದೆ, ಮೆಲಾಥಿಯಾನ್ ಬೇಗ ಒಡೆಯುತ್ತದೆ. ಆದರೆ ಬಾವಿಗೆ ಬಿದ್ದದ್ದು ಟ್ರೈಕ್ಲೋರ್‌ಫಾನ್ ಆಗಿದ್ದರೆ ಸುಣ್ಣ ಅದನ್ನು ಹೆಚ್ಚು ವಿಷ ಮಾಡುತ್ತದೆ, ಇಮಿಡಾಕ್ಲೋಪ್ರಿಡ್ ಆಗಿದ್ದರೆ ಹೆಚ್ಚೇನೂ ಬದಲಾಗುವುದಿಲ್ಲ. ಏನು ಬಿದ್ದಿದೆ ಎಂದು ಗೊತ್ತಿಲ್ಲದೆ ಮಾಡುವ ಚಿಕಿತ್ಸೆ ಇದು.

ಅಡುಗೆ ಸೋಡಾ: 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಕೀಟನಾಶಕ ಲೇಪಿಸಿ, ಲೀಟರಿಗೆ 10 ಗ್ರಾಂ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ನೋಡಿದರು. 12ರಿಂದ 15 ನಿಮಿಷದಲ್ಲಿ ಥಯಾಬೆಂಡಜೋಲ್ ಶೇ 80, ಫಾಸ್ಮೆಟ್ ಶೇ 96 ಹೋಯಿತು. ಆದರೆ ಸಿಪ್ಪೆಯ ಒಳಗೆ ಇಳಿದದ್ದು ಹೋಗಲಿಲ್ಲ. ಇದು ಹಣ್ಣಿನ ಮೇಲ್ಮೈ ತೊಳೆಯುವ ಮಾತು. ಕುಡಿಯುವ ನೀರಿಗೆ ಸೋಡಾ ಹಾಕಿದರೆ ಶುದ್ಧವಾಗುತ್ತದೆ ಎಂದು ಇದರಿಂದ ಹೇಳಲಾಗದು.

ಸ್ಫಟಿಕ ಮತ್ತು ತಾಮ್ರದ ಪಾತ್ರೆ: ಸ್ಫಟಿಕ ಕೆಸರನ್ನು ತಳಕ್ಕೆ ಇಳಿಸುತ್ತದೆ, ಕೆಸರಿಗೆ ಅಂಟಿದ ಕೀಟನಾಶಕವೂ ಸ್ವಲ್ಪ ಇಳಿಯಬಹುದು. ನೀರಿನಲ್ಲಿ ಕರಗಿದ್ದು ಹಾಗೆಯೇ ಇರುತ್ತದೆ. ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿ ಇಟ್ಟರೂ ಕೀಟನಾಶಕ ಹೋಗುವುದಿಲ್ಲ.

ಕ್ಲೋರಿನ್: ಕ್ಲೋರೋಪೈರಿಫಾಸ್‌ನಂಥ, ಗಂಧಕ ಇರುವ ಆರ್ಗನೊಫಾಸ್ಫೇಟ್‌ಗಳನ್ನು ಕ್ಲೋರಿನ್ ಬೇಗ ಆಕ್ಸಾನ್ ಎಂಬ ರೂಪಕ್ಕೆ ತಿರುಗಿಸುತ್ತದೆ. ನರಗಳ ಕೆಲಸಕ್ಕೆ ಬೇಕಾದ ಕಿಣ್ವವನ್ನು ತಡೆಯುವುದರಲ್ಲಿ ಆಕ್ಸಾನ್ ಮೂಲ ವಸ್ತುವಿಗಿಂತ ಬಲವಾದದ್ದು. ಇದನ್ನು ಓದಿ ನೀರಿಗೆ ಕ್ಲೋರಿನ್ ಹಾಕಬೇಡಿ ಎಂದು ಯಾರೂ ಫಾರ್ವರ್ಡ್ ಮಾಡಬಾರದು. ಕಾಲರಾ, ಟೈಫಾಯ್ಡ್, ವಾಂತಿಭೇದಿ ತಡೆಯಲು ಕ್ಲೋರಿನ್ ಬೇಕೇ ಬೇಕು. ಇಲ್ಲಿ ತಿಳಿಯಬೇಕಾದದ್ದು ಇಷ್ಟೆ: ಕ್ಲೋರಿನ್ ರೋಗಾಣುಗಳಿಗೆ ಮದ್ದು, ಕೀಟನಾಶಕಕ್ಕಲ್ಲ.

ಫಿಲ್ಟರ್: ಮನೆಯ ಯುವಿ ಯಂತ್ರದ ಬೆಳಕು ರೋಗಾಣು ಕೊಲ್ಲುವಷ್ಟು ಮಾತ್ರ ಇರುತ್ತದೆ, ಹೆಚ್ಚಿನ ಕೀಟನಾಶಕ ಒಡೆಯಲು ಸಾಲದು. ಸಕ್ರಿಯ ಇದ್ದಿಲು ಹಲವು ಕೀಟನಾಶಕಗಳನ್ನು ಹಿಡಿದಿಡುತ್ತದೆ, ಆರ್‌ಓ ಪೊರೆಯೂ ಹಲವನ್ನು ತಡೆಯುತ್ತದೆ. ಆದರೆ ಇವು ಒಡೆಯುವುದಿಲ್ಲ, ಬೇರ್ಪಡಿಸುತ್ತವೆ ಅಷ್ಟೆ. ಇದ್ದಿಲಿನ ಕಾರ್ಟ್ರಿಡ್ಜ್ ತುಂಬಿದ ಮೇಲೆ ಬದಲಿಸದಿದ್ದರೆ ಅದರಿಂದ ಪ್ರಯೋಜನವಿಲ್ಲ.

ಔಷಧಿ ಹೊಡೆಯುವವರಿಗೆ ಇದರಿಂದ ಏನು ಉಪಯೋಗ?

ಇದೇ ರಸಾಯನಶಾಸ್ತ್ರ ರೈತರ ಜೇಬಿಗೂ ಸಂಬಂಧಪಟ್ಟದ್ದು. ನಮ್ಮ ಒಣ ಜಿಲ್ಲೆಗಳ ಹಲವು ಕೊಳವೆಬಾವಿಗಳ ನೀರು ಗಡಸು, ಕ್ಷಾರೀಯ. ಸಂಜೆ ಟ್ಯಾಂಕಿನಲ್ಲಿ ಔಷಧಿ ಕಲಸಿ, ಗಾಳಿ ಮಳೆ ಎಂದು ನಿಲ್ಲಿಸಿ, ಮರುದಿನ ಬೆಳಿಗ್ಗೆ ಹೊಡೆದರೆ ಕೆಲವು ಔಷಧಿಗಳು ಅಷ್ಟರಲ್ಲಿ ಅರ್ಧ ಒಡೆದಿರುತ್ತವೆ. ಹುಳು ಸಾಯುವುದಿಲ್ಲ, ಔಷಧಿ ನಕಲಿ ಎಂದು ಬೈದು ಎರಡು ಪಟ್ಟು ಹಾಕುತ್ತೇವೆ. ತಪ್ಪು ನೀರಿನದಾಗಿರಬಹುದು. ಆದ್ದರಿಂದ ಕಲಸಿದ ಔಷಧಿಯನ್ನು ಅಂದೇ, ಆದಷ್ಟು ಬೇಗ ಮುಗಿಸಬೇಕು. ನೀರಿನ ಪಿಎಚ್ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಡಬ್ಬಿಯ ಮೇಲಿನ ಚೀಟಿಯಲ್ಲಿ ಕ್ಷಾರೀಯ ವಸ್ತುಗಳ ಜೊತೆ ಬೆರೆಸಬಾರದು ಎಂದು ಬರೆದಿದ್ದರೆ ಅದನ್ನು ಪಾಲಿಸಬೇಕು.

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದು ಹೊಸದಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತದ ಜೊತೆ ಸುಣ್ಣ ಇರುತ್ತದೆ. ಚಾಕುವನ್ನು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದು ಲೆಕ್ಕ. ಈ ಸುಣ್ಣದ ದ್ರಾವಣಕ್ಕೆ ಆರ್ಗನೊಫಾಸ್ಫೇಟ್ ಬೆರೆಸಿದರೆ ಅದು ಟ್ಯಾಂಕಿನಲ್ಲೇ ಒಡೆಯತೊಡಗುತ್ತದೆ. ಇನ್ನೊಂದು ಮಾತು: ಬೋರ್ಡೊದಲ್ಲಿರುವ ತಾಮ್ರ ಒಂದು ಮೂಲಧಾತು. ಅದು ನೀರಿನಲ್ಲಾಗಲಿ ಮಣ್ಣಿನಲ್ಲಾಗಲಿ ಒಡೆದು ಹೋಗುವುದೇ ಇಲ್ಲ, ಜಾಗ ಬದಲಿಸುತ್ತದೆ ಅಷ್ಟೆ.

ಉಳಿದ ಔಷಧಿಯನ್ನು "ಹೇಗೂ ಒಡೆದುಹೋಗುತ್ತದೆ" ಎಂದು ಹಳ್ಳ, ಕೆರೆ, ಕೃಷಿ ಹೊಂಡ, ಬಾವಿಕಟ್ಟೆಯ ಬಳಿ ಸುರಿಯಬಾರದು. ಬೇಕಾದಷ್ಟನ್ನೇ ಕಲಸುವುದು, ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸ್ಪ್ರೇಯರ್ ಟ್ಯಾಂಕಿಗೇ ಹಾಕಿ ಅದೇ ಬೆಳೆಗೆ ಹೊಡೆಯುವುದು, ಡಬ್ಬಿಗೆ ತೂತು ಮಾಡುವುದು ಸರಿಯಾದ ಕ್ರಮ. ಹೊಲದ ಮೇಲ್ಮಣ್ಣಿನಲ್ಲಿ ಬಿಸಿಲೂ ಇದೆ, ಸೂಕ್ಷ್ಮಜೀವಿಗಳೂ ಇವೆ. ನೀರಿಗಿಂತ ಅಲ್ಲಿ ಒಡೆಯುವ ಅವಕಾಶ ಹೆಚ್ಚು.

ಬಾವಿಗೋ ತೊಟ್ಟಿಗೋ ಕೀಟನಾಶಕ ಬಿದ್ದದ್ದು ಗೊತ್ತಾದರೆ ಆ ನೀರನ್ನು ಕುಡಿಯಲು, ಅಡುಗೆಗೆ, ದನಕರುಗಳಿಗೆ ಬಳಸುವುದನ್ನು ಕೂಡಲೇ ನಿಲ್ಲಿಸಿ. ನೆರೆಹೊರೆಯವರಿಗೂ ಪಂಚಾಯಿತಿಗೂ ತಿಳಿಸಿ. ಡಬ್ಬಿ ಎಸೆಯಬೇಡಿ, ಅದರ ಮೇಲಿನ ಹೆಸರು ಪರೀಕ್ಷೆ ಮಾಡುವವರಿಗೂ ವೈದ್ಯರಿಗೂ ಬೇಕು. ಯಾರಿಗಾದರೂ ಜೊಲ್ಲು ಸುರಿಯುವುದು, ವಾಂತಿ, ಬೆವರು, ಕಣ್ಣು ಮಂಜಾಗುವುದು, ಉಸಿರಾಟದ ತೊಂದರೆ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ ನಾಲ್ಕು ಪ್ರಶ್ನೆ

ಮುಂದಿನ ಸಲ ಇಂಥ ಸಂದೇಶ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಯಾವ ಕೀಟನಾಶಕ ಎಂದು ಹೆಸರಿದೆಯೇ? ಎಂಥ ನೀರು, ಕೆರೆಯದೋ ಕೊಳವೆಬಾವಿಯದೋ, ಆಮ್ಲೀಯವೋ ಕ್ಷಾರೀಯವೋ ಎಂದು ಹೇಳಿದೆಯೇ? ಅರ್ಧವಾಗುವ ಸಮಯವನ್ನು ಪೂರ್ತಿ ಹೋಗುವ ಸಮಯ ಎಂದು ಹೇಳುತ್ತಿದೆಯೇ? ಒಡೆದ ಮೇಲೆ ಏನು ಉಳಿಯುತ್ತದೆ ಎಂಬ ಮಾತಿದೆಯೇ?

ಈ ನಾಲ್ಕಕ್ಕೂ ಉತ್ತರ ಇಲ್ಲದ ಸಂದೇಶ ಸಮಾಧಾನ ಹೇಳಿದರೂ ಹೆದರಿಸಿದರೂ ನಂಬುವಂಥದ್ದಲ್ಲ. ನೀರಿಗೆ ಕೀಟನಾಶಕವನ್ನು ಒಡೆಯುವ ಶಕ್ತಿ ಇರುವುದು ನಿಜ. ಆದರೆ ನಮ್ಮ ಅವಸರಕ್ಕೆ ತಕ್ಕಂತೆ ಅದು ಕೆಲಸ ಮಾಡುವುದಿಲ್ಲ. ಬಿದ್ದ ಮೇಲೆ ತೆಗೆಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದೇ ಸುಲಭ ಮತ್ತು ಅಗ್ಗ.